ಸದರಿ ವಿಳಾಸದಲ್ಲಿ

ಏಪ್ರಿಲ್ ೯

ಅಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಯಾರೆಂದು ನಿನಗೆ ಗೊತ್ತಾಗಿರುತ್ತದೆ. ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ ಮುಂದಕ್ಕೂ ಓದು. ಫೋನ್ ಮಾಡೋಣವೆಂದು ಮೂರು ಸಲ ಕೈಗೆತ್ತಿಕೊಂಡೆ. ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೂ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಮ್ಮ ಹೋಗಿ ಎರಡು ವರ್ಷವಾಯಿತು. ಆ ದಿನ ನೀನು ಬಾಗಿಲಲ್ಲಿ ನಿಂತು ಹೇಳಿದ ಮಾತನ್ನು ನಾನು ಎತ್ತುವುದಿಲ್ಲ.

ನನ್ನ ಚೂಟಿಗೆ ಹತ್ತು ತುಂಬಿತು. ಹುಟ್ಟಿದ ವಾರಕ್ಕೇ ಎಲ್ಲರನ್ನೂ ಪಿಳಿಪಿಳಿ ನೋಡುತ್ತಾಳೆಂದು ಆ ಹೆಸರಿಟ್ಟವಳು ನೀನೇ. ಅವಳ ಅಪ್ಪನ ಸುದ್ದಿ ಕೇಳಬೇಡ, ನನಗೂ ಗೊತ್ತಿಲ್ಲ. ಅವಳು ಹೋಗುವ ಶಾಲೆಯ ಸುದ್ದಿ ಮಾತ್ರ ಹೇಳುತ್ತೇನೆ. ರೈಲು ಹಳಿಯ ನಮ್ಮ ಕಡೆ ಇರುವುದು ಅದೊಂದೇ. ಒಂದೇ ಕೋಣೆಯಲ್ಲಿ ಎರಡು ತರಗತಿ, ಮಕ್ಕಳು ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಇವಳ ತರಗತಿಯಲ್ಲೇ ಅರವತ್ತೆರಡು ಮಕ್ಕಳು. ವರ್ಷ ಮುಗಿದರೂ ಟೀಚರ್‌ಗೆ ಇವಳ ಹೆಸರು ಗೊತ್ತಿಲ್ಲ. ‘ನೀಲಿ ರಿಬ್ಬನ್’ ಎಂದು ಕರೆಯುತ್ತಿದ್ದರಂತೆ. ಒಂದು ದಿನ ನಾನು ಕೆಂಪು ರಿಬ್ಬನ್ ಕಟ್ಟಿ ಕಳಿಸಿದೆ. ಆ ದಿನ ಇವಳಿಗೆ ಹಾಜರಿಯೇ ಹಾಕಿಲ್ಲ.

ನಿನ್ನ ಮನೆಯಿಂದ ನಾಲ್ಕು ಹೆಜ್ಜೆಗಿರುವ ಶಾಲೆಗೆ ಹಳಿಯ ಆ ಕಡೆ ವಾಸ ಇರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಮಗು ನಿನ್ನ ಮನೆಯಲ್ಲಿದೆ ಎಂದು ನೀನೊಂದು ಸಹಿ ಮಾಡಿದರೆ ಸಾಕು. ನಿನ್ನ ಮನೆಗೆ ಅವಳು ಬರುವುದೂ ಬೇಡ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು, ನಾನು ನೋಡಿಕೊಳ್ಳುತ್ತೇನೆ.

ನಿನ್ನಿಂದ ನಾನು ಇನ್ನೇನನ್ನೂ ಕೇಳುವುದಿಲ್ಲ.

ನಿನ್ನ ತಂಗಿ


ಏಪ್ರಿಲ್ ೧೭

ತಂಗೀ,

ನಿನ್ನ ಪತ್ರದಲ್ಲಿ ಏಳು ಕಾಗುಣಿತದ ತಪ್ಪಿದ್ದವು. ಕೆಂಪು ಪೆನ್ನು ತಾನಾಗಿ ಕೈಗೆ ಬಂತು. ಕೆಳಗಿಟ್ಟೆ. ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಪ್ರೂಫ್ ನೋಡುತ್ತಿರುವವಳಿಗೆ ಬೇರೆ ಚಾಳಿ ಎಲ್ಲಿಂದ ಬರಬೇಕು?

ಒಂದು ವಾರ ಯೋಚನೆ ಮಾಡಿದೆ. ಆ ಶಾಲೆಯ ಐದನೇ ತರಗತಿಯಲ್ಲಿ ನಲವತ್ತು ಸೀಟು. ಒಂದು ಮಗು ಒಳಗೆ ಬಂದರೆ ಒಂದು ಮಗು ಹೊರಗೆ ಉಳಿಯುತ್ತದೆ. ಅದರ ಮುಖ ನಮಗೆ ಗೊತ್ತಿಲ್ಲ, ಅಷ್ಟೇ. ನಮ್ಮ ಚೂಟಿಗೆ ನಿಮ್ಮ ಕಡೆಯ ಶಾಲೆ ಸಾಲದು ಎಂದಾದರೆ ಬೇರೆಯವರ ಮಗುವಿಗೆ ಅದು ಹೇಗೆ ಸಾಲುತ್ತದೆ? ಇದಕ್ಕೆ ನಿನ್ನ ಹತ್ತಿರ ಉತ್ತರವಿದ್ದರೆ ಬರೆ. ನನ್ನ ಹತ್ತಿರ ಇಲ್ಲ.

ಶಾಲೆಯಿಂದ ಅರ್ಜಿ ತಂದೆ. ‘ಸದರಿ ಮಗುವು ಸದರಿ ವಿಳಾಸದಲ್ಲಿ ವಾಸವಾಗಿರುತ್ತಾಳೆಂದು ಪ್ರಮಾಣೀಕರಿಸುತ್ತೇನೆ’ ಎಂದು ಅಚ್ಚಾಗಿದೆ. ಮಗು ಎಂದ ಮೇಲೆ ‘ವಾಸವಾಗಿರುತ್ತದೆ’ ಎಂದಿರಬೇಕು. ಅದನ್ನು ತಿದ್ದಿದೆ. ಸುಳ್ಳನ್ನು ಹಾಗೇ ಬಿಟ್ಟು ಕೆಳಗೆ ಸಹಿ ಮಾಡಿದೆ.

ಅಮ್ಮ ಹೋದ ದಿನದ ಮಾತನ್ನು ನಾನೂ ಎತ್ತುವುದಿಲ್ಲ. ಕಾಗದ ಇದರೊಳಗಿದೆ. ಮಡಿಕೆ ಬೀಳದ ಹಾಗೆ ತೆಗೆ.

ಅಕ್ಕ


ಜೂನ್ ೧೪

ಅಕ್ಕಾ,

ಸಿಕ್ಕಿತು! ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು, ನಲವತ್ತನೆಯದು. ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಜೊತೆ ಚಾದರ ಮಡಿಸುವವಳಿಗೆ ಹೇಳಿದಾಗ ಅವಳು ಚಾದರದ ತುದಿ ಬಿಟ್ಟು ಚಪ್ಪಾಳೆ ತಟ್ಟಿದಳು. ಆ ಚಾದರವನ್ನು ಮತ್ತೆ ಒಗೆಯಲು ಹಾಕಬೇಕಾಯಿತು.

ಹದಿನೈದು ದಿನದಿಂದ ಐದು ಗಂಟೆಗೆ ಏಳುತ್ತಾಳೆ. ಬಸ್ಸಿನಲ್ಲಿ ನಿಂತೇ ನಿದ್ದೆ ಹೊಡೆಯುತ್ತಾಳಂತೆ, ಕುದುರೆಯ ಹಾಗೆ. ಆದರೆ ಹೊಸ ಟೀಚರ್ ಎರಡನೇ ದಿನವೇ ಹೆಸರು ಹಿಡಿದು ಕರೆದರಂತೆ. ಅದನ್ನು ಆ ಸಂಜೆ ನನಗೆ ನಾಲ್ಕು ಸಲ ಹೇಳಿದಳು.

ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಪಾಠ ಮಾಡಿಸಿದ್ದೇನೆ. “ಎಲ್ಲಿರ್ತೀಯ?” ಅಂದರೆ, “ದೊಡ್ಡಮ್ಮನ ಮನೇಲಿ, ಮೂರನೇ ಮಹಡಿ, ಹಸಿರು ಬಾಗಿಲು.” “ಕಿಟಕಿಯಿಂದ ಏನು ಕಾಣುತ್ತೆ?” ಅಂದರೆ, “ನೀರಿನ ಟ್ಯಾಂಕು.” ಗಿಣಿಯ ಹಾಗೆ ಒಪ್ಪಿಸುತ್ತಾಳೆ. ಕೊನೆಗೆ ಅವಳೇ ಒಂದು ಪ್ರಶ್ನೆ ಹಾಕಿದಳು: “ಅಮ್ಮಾ, ನೀನೆಲ್ಲಿರ್ತೀಯ ಅಂತ ಕೇಳಿದ್ರೆ ಏನು ಹೇಳ್ಲಿ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. “ಅದನ್ನ ಯಾರೂ ಕೇಳಲ್ಲ, ಸುಮ್ನಿರು” ಎಂದೆ.

ನಿನ್ನ ಉಪಕಾರ ಮರೆಯುವುದಿಲ್ಲ.

ನಿನ್ನ ತಂಗಿ


ಜುಲೈ ೨

ತಂಗೀ,

ನಮ್ಮ ಕಟ್ಟಡದ ಕೆಳಮನೆಯಲ್ಲಿ ಗಡಿಯಾರ ರಿಪೇರಿ ಮಾಡುವವರು ಒಬ್ಬರಿದ್ದಾರೆ. ಕಿಟಕಿಗೆ ಮೇಜು ಹಾಕಿಕೊಂಡು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದಿನವಿಡೀ ಕೂರುತ್ತಾರೆ. ಹೆಂಡತಿ ತೀರಿಕೊಂಡು ಐದಾರು ವರ್ಷವಾಯಿತು. ಒಬ್ಬಳೇ ಮಗಳು, ದಪ್ಪ ಕನ್ನಡಕದ ಹುಡುಗಿ, ಚೂಟಿಯದೇ ವಯಸ್ಸು. ಇಷ್ಟು ವರ್ಷ ಮೆಟ್ಟಿಲಲ್ಲಿ ನಕ್ಕು ಹೋಗುವುದನ್ನು ಬಿಟ್ಟರೆ ನಮಗೆ ಮಾತುಕತೆ ಇರಲಿಲ್ಲ. ನಿನ್ನೆ ಅವರು ಮೂರು ಮಹಡಿ ಹತ್ತಿ ಬಂದರು.

“ಅಕ್ಕಾ, ನೀವು ಅಕ್ಷರದ ಕೆಲಸ ಮಾಡೋರು. ಒಂದು ಅರ್ಜಿ ಬರೆದುಕೊಡ್ತೀರಾ?” ಎಂದರು. “ನನ್ನ ಮಗಳು ಹುಟ್ಟಿದ್ದೇ ಈ ಬೀದೀಲಿ. ಪಟ್ಟೀಲಿ ಅವಳು ನಲವತ್ತೊಂದನೆಯವಳಂತೆ. ಜಾಗ ಇಲ್ಲ, ಹಳಿ ಆಚೆ ಸ್ಕೂಲಿಗೆ ಹೋಗಿ ಅಂದ್ರು. ಅಲ್ಲೀವರೆಗೂ ಒಬ್ಬಳೇ ಹೇಗೆ ಹೋಗ್ತಾಳೆ, ಹೇಳಿ.”

ನಲವತ್ತೊಂದು ಎಂದು ಅವರು ಎರಡು ಸಲ ಹೇಳಿದರು. ನಾನು ಕೂರಲು ಹೇಳಿ, ಕಾಗದ ತೆಗೆದುಕೊಂಡು, ಅವರು ಹೇಳಿದ್ದನ್ನೆಲ್ಲ ಬರೆದೆ. ಚೆನ್ನಾಗಿಯೇ ಬರೆದೆ. ಇಲ್ಲೇ ವಾಸವಿರುವ ಮಗುವಿಗೆ ಸೀಟಿಲ್ಲವೆಂದಾದರೆ ಸೇರಿದವರೆಲ್ಲ ಇಲ್ಲಿ ವಾಸವಿದ್ದಾರೆಯೇ ಎಂದು ದಯವಿಟ್ಟು ಪರಿಶೀಲಿಸಬೇಕು — ಈ ಸಾಲನ್ನು ಅವರು ಹೇಳಿರಲಿಲ್ಲ. ಅರ್ಜಿಯೆಂದರೆ ಹಾಗೆ ಇರಬೇಕು ಎಂದು ನನ್ನ ಕೈಯೇ ಬರೆಯಿತು. ಬರೆದ ಮೇಲೆ ಹೊಡೆದುಹಾಕಲು ಅವರ ಮುಂದೆ ಧೈರ್ಯ ಬರಲಿಲ್ಲ.

ಅವರು ಓದಿ ಕಣ್ಣೊರೆಸಿಕೊಂಡರು.

ಅಕ್ಕ


ಜುಲೈ ೬

ಅಕ್ಕಾ,

ನಿನಗೇನು ತಲೆ ಕೆಟ್ಟಿದೆಯಾ? ಕೈಗೆ ಪೆಟ್ಟಾಗಿದೆ, ಬರೆಯಲಾರೆ ಎಂದಿದ್ದರೆ ಮುಗಿಯುತ್ತಿತ್ತು. ನಮ್ಮ ಮನೆಗೆ ನಾವೇ ಪೊಲೀಸರನ್ನು ಕರೆದ ಹಾಗಾಯಿತು.

ಆ ಹುಡುಗಿಯ ವಿಷಯ ನನಗೆ ಬೇಡ. ನನಗೆ ಇರುವುದು ಒಂದು ಮಗು. ಅದರ ಹೊಟ್ಟೆ ನೋಡಬೇಕು, ಅದರ ಓದು ನೋಡಬೇಕು. ಊರಿನ ಮಕ್ಕಳನ್ನೆಲ್ಲ ತೂಗಿ ನೋಡುವುದಕ್ಕೆ ನಾನೇನು ಸರಕಾರವೇ? ಹಳಿಯ ಆ ಕಡೆಗೆ ಒಂದು ಶಾಲೆ, ಈ ಕಡೆಗೆ ಒಂದು ದೊಡ್ಡಿ ಕಟ್ಟಿದವರಿಗೆ ನಾಚಿಕೆಯಿಲ್ಲ, ನನಗೆ ಯಾಕೆ ಇರಬೇಕು?

ಬರೆದದ್ದಕ್ಕೆ ಸಿಟ್ಟಾಗಬೇಡ. ಹೆದರಿಕೆಯಾಗಿದೆ.

ತಂಗಿ


ಜುಲೈ ೨೦

ತಂಗೀ,

ಶಾಲೆಯಿಂದ ಕಾಗದ ಬಂತು. ಪಟ್ಟಿಯ ಕೊನೆಯ ಹತ್ತು ಮಕ್ಕಳ ಮನೆಗಳನ್ನು ಖುದ್ದಾಗಿ ನೋಡಲು ಒಬ್ಬರು ಬರುತ್ತಾರಂತೆ. ದಿನ ಹೇಳಿಲ್ಲ, ಮೂರು ವಾರದೊಳಗೆ.

ದಾರಿ ಎರಡೇ. ಈಗಲೇ ಹೋಗಿ ಒಪ್ಪಿಕೊಳ್ಳುವುದು ಒಂದು. ಇನ್ನೊಂದು, ಸುಳ್ಳನ್ನು ನಿಜ ಮಾಡುವುದು. ಚೂಟಿ ಇಲ್ಲಿಗೇ ಬಂದು ಇದ್ದುಬಿಟ್ಟರೆ ನಾನು ಸಹಿ ಮಾಡಿದ್ದರಲ್ಲಿ ತಪ್ಪೇ ಇರುವುದಿಲ್ಲ. ಅಮ್ಮನ ಕೋಣೆ ಖಾಲಿಯಿದೆ. ಎರಡು ಬಸ್ಸಿನ ಪಾಡೂ ತಪ್ಪುತ್ತದೆ. ಭಾನುವಾರ ನಿನ್ನ ಹತ್ತಿರ ಬರಲಿ.

ಮೊದಲನೆಯದೇ ಸರಿಯೆಂದು ನನಗೆ ಗೊತ್ತು. ಎರಡನೆಯದನ್ನು ಯಾಕೆ ಇಷ್ಟು ಉದ್ದ ಬರೆದೆನೋ ಗೊತ್ತಿಲ್ಲ.

ಅಕ್ಕ


ಜುಲೈ ೨೩

ಅಕ್ಕಾ,

ಶನಿವಾರ ಕರೆದುಕೊಂಡು ಬರುತ್ತೇನೆ. ಬಟ್ಟೆ ಒಂದು ಚೀಲ, ಪುಸ್ತಕ ಒಂದು ಚೀಲ. ಅವಳಿಗೆ ಎಡ ಮಗ್ಗುಲಿಗೆ ಮಲಗಿದರೇ ನಿದ್ದೆ. ಹಾಲಿನ ಕೆನೆ ತೆಗೆದು ಕೊಡು, ಇಲ್ಲದಿದ್ದರೆ ವಾಕರಿಸುತ್ತಾಳೆ. ತಲೆ ಬಾಚುವಾಗ ಮಾತಾಡುತ್ತಿರು, ಅಳುವುದಿಲ್ಲ.

ತಂಗಿ


ಆಗಸ್ಟ್ ೬

ತಂಗೀ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನೆ ಸಂಜೆ ತಪಾಸಣೆಯವರು ಬಂದರು. ವಯಸ್ಸಾದ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ನೀರು ಕೊಟ್ಟೆ. ಕೆಟ್ಟವರಲ್ಲ. ಬಚ್ಚಲಲ್ಲಿ ಚಿಕ್ಕ ಬ್ರಶ್ ಇದೆಯೇ, ಹಗ್ಗದ ಮೇಲೆ ಚಿಕ್ಕ ಬಟ್ಟೆ ಇದೆಯೇ ಎಂದು ನೋಡಿದರು. ದಿಂಬನ್ನು ಎತ್ತಿ ನೋಡಿದರು. ಆಮೇಲೆ ಚೂಟಿಯನ್ನು ಹತ್ತಿರ ಕೂರಿಸಿಕೊಂಡರು.

“ಇಲ್ಲೇ ಇರ್ತೀಯಾ, ಮರಿ?”

“ಹೂಂ. ದೊಡ್ಡಮ್ಮನ ಜೊತೆ.”

“ಅಮ್ಮ ಎಲ್ಲಿದ್ದಾರೆ?”

ಅವಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೇಳಿಬಿಟ್ಟಳು: “ಅಮ್ಮ ಇಲ್ಲ.”

“ಇಲ್ಲ ಅಂದ್ರೆ?”

“ತೀರಿಕೊಂಡ್ರು.”

ಅವರು ಪೆನ್ನು ಕೆಳಗಿಟ್ಟು ಅವಳ ತಲೆ ಸವರಿದರು. ನನ್ನ ಕಡೆ ತಿರುಗಿ, “ಇದನ್ನ ನೀವು ಅರ್ಜೀಲೇ ಬರೀಬಾರ್ದಿತ್ತಾ, ಅಮ್ಮಾ? ನಾನು ಇಷ್ಟು ದೂರ ಬರೋದೇ ಬೇಕಿರ್ಲಿಲ್ಲ” ಎಂದರು. ನಾನು ಆಗಲೂ ಸುಮ್ಮನಿದ್ದೆ. ಅವರು ಬರೆದುಕೊಂಡರು. ಆ ಪದವನ್ನು ತಲೆಕೆಳಗಾಗಿ ಓದಿದೆ. ಅಚ್ಚಿನ ಮೊಳೆಗಳ ತಿರುಗುಮುರುಗು ಅಕ್ಷರ ಓದಿ ಅಭ್ಯಾಸ. ‘ತಾಯಿ: ಮೃತ.’

ಅವರು ಹೋದ ಮೇಲೆ ಅವಳು, “ದೊಡ್ಡಮ್ಮಾ, ಸರಿಯಾಗಿ ಹೇಳಿದ್ನಾ?” ಎಂದು ಕೇಳಿದಳು. ನಾನು ಏನು ಹೇಳಬೇಕಿತ್ತು?

ಅಕ್ಕ


ಆಗಸ್ಟ್ ೩೦

ಅಕ್ಕಾ,

ಇಷ್ಟು ದಿನ ಬರೆಯಲಿಲ್ಲ. ಕೆಲಸ ಜಾಸ್ತಿಯಿತ್ತು.

ಆಗಲಿ. ಅವಳು ಬುದ್ಧಿವಂತೆ, ಸಮಯಕ್ಕೆ ತೋಚಿದ್ದನ್ನು ಹೇಳಿದಳು. ಉತ್ತರ ಹೇಳಿಕೊಡದೆ ಬಿಟ್ಟವಳು ನಾನು. ಬಯ್ಯಬೇಡ ಅವಳನ್ನು.

ಭಾನುವಾರಗಳಲ್ಲಿ ಅವಳನ್ನು ಇಲ್ಲಿಗೆ ಕಳಿಸುವುದು ಬೇಡ, ಯಾರಾದರೂ ನೋಡಿಯಾರು. ನಾನೇ ಕತ್ತಲಾದ ಮೇಲೆ ಬಂದು ಹೋಗುತ್ತೇನೆ. ನೆರೆಯವರು ಕೇಳಿದರೆ ನಿನ್ನ ಇನ್ನೊಬ್ಬ ತಂಗಿ ಎಂದು ಹೇಳು.

ಲಾಂಡ್ರಿಗೆ ಬರುವ ಹೊದಿಕೆಗಳಲ್ಲಿ ಯಾವುದು ಹೋದವರದು, ಯಾವುದು ಗುಣವಾಗಿ ಮನೆಗೆ ಹೋದವರದು ಎಂದು ಗೊತ್ತಾಗುವುದಿಲ್ಲ. ಒಂದೇ ಬಿಸಿನೀರಿಗೆ ಹಾಕುತ್ತೇವೆ. ಮೊದಲು ಅದನ್ನು ಯೋಚಿಸುತ್ತಿರಲಿಲ್ಲ.

ತಂಗಿ


ಅಕ್ಟೋಬರ್ ೧೯

ಅಕ್ಕಾ,

ನಿನ್ನೆಯ ಶಾಲಾ ಕಾರ್ಯಕ್ರಮಕ್ಕೆ ಬರಬೇಡ ಎಂದು ನೀನು ಹೇಳಿದ್ದೆ. ಬಂದೆ. ನೀನು ಮುಂದಿನ ಸಾಲಿನಲ್ಲಿದ್ದೆ, ನಾನು ಹಿಂದೆ ಕಂಬದ ಪಕ್ಕ ನಿಂತಿದ್ದೆ. ಅವಳು ಪದ್ಯ ಹೇಳಿದಳು. ಒಂದು ಕಡೆಯೂ ತಡವರಿಸಲಿಲ್ಲ. ಕೈ ಮಾತ್ರ ಲಂಗವನ್ನು ಹಿಂಡುತ್ತಿತ್ತು, ನನ್ನ ಹಾಗೇ.

ಮುಗಿದ ಮೇಲೆ ಗೇಟಿನ ಹತ್ತಿರ ಅವಳು ನನ್ನನ್ನು ನೋಡಿದಳು. ಜೊತೆಗೆ ಟೀಚರ್ ಇದ್ದರು. ಓಡಿ ಬರುತ್ತಾಳೇನೋ ಎಂದುಕೊಂಡೆ. ಬರಲಿ ಎಂದೂ ಅನಿಸಿತು, ಬಾರದಿರಲಿ ಎಂದೂ ಅನಿಸಿತು. ಅವಳು ನಡೆದುಕೊಂಡೇ ಬಂದಳು.

“ಇವರ್ಯಾರಮ್ಮಾ?” ಎಂದರು ಟೀಚರ್.

“ನಮ್ಮ ಚಿಕ್ಕಮ್ಮ.”

ನೋಡು, ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದಾಳೆ! ನೀನು ದೊಡ್ಡಮ್ಮನಾದರೆ, ಅಮ್ಮ ಇಲ್ಲದಿದ್ದರೆ, ನಾನು ಚಿಕ್ಕಮ್ಮನೇ. “ನಿಮ್ಮ ಅಕ್ಕನ ಮಗಳು ತುಂಬಾ ಚುರುಕು” ಎಂದರು ಟೀಚರ್. ನಾನು “ಹೌದು, ಅವಳ ಅಮ್ಮನೂ ಹಾಗೇ ಇದ್ಳು” ಎಂದೆ. ನನ್ನ ಬಾಯಿಂದಲೇ ಬಂತು ಅದು.

ಬಸ್ಸಿನಲ್ಲಿ ಬರುವಾಗ ನಗು ಬಂತು. ಆಮೇಲೆ ನಿಲ್ಲಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಕಡೆ ಹೋದರು.

ತಂಗಿ


ನವೆಂಬರ್ ೧೧

ಅಕ್ಕಾ,

ಒಂದು ವಿಷಯ ನಿನಗೆ ಹೇಳದೆ ಇಟ್ಟುಕೊಂಡಿದ್ದೆ.

ಸೆಪ್ಟೆಂಬರಿನಿಂದ ನಮ್ಮ ವಠಾರದ ಮುಂದಿನ ಕಟ್ಟೆಯ ಮೇಲೆ ಸಂಜೆ ಒಬ್ಬ ಹುಡುಗಿ ಕೂರುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಅವಳ ಬಸ್ಸಿಗೆ ಒಂದೂವರೆ ಗಂಟೆ ಇರುತ್ತದೆ. ಬೆಳಗಿನ ಪಾಳಿ ಮುಗಿಸಿ ಬಂದವಳು ನೀರು ಬೇಕಾ ಎಂದು ಕೇಳಿದೆ. ಆಮೇಲೆ ದಿನವೂ ಕೊಟ್ಟೆ. ಕೆಲವು ದಿನ ಬ್ರೆಡ್ಡು. ಯಾರ ಮಗಳೆಂದು ಕೇಳಲಿಲ್ಲ. ಕನ್ನಡಕ ನೋಡಿದಾಗಲೇ ತಿಳಿದಿತ್ತೆಂದು ಕಾಣುತ್ತದೆ, ಅದಕ್ಕೇ ಕೇಳಲಿಲ್ಲ.

ಮೊನ್ನೆ ಅವಳು ಒಂದು ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಳು. “ಇದನ್ನ ಯಾರು ಹೇಳ್ಕೊಡ್ತಾರೆ?” ಎಂದೆ. “ಯಾರೂ ಇಲ್ಲ. ಲೆಕ್ಕದ ಟೀಚರ್ ಈ ವರ್ಷ ಬಂದೇ ಇಲ್ಲ. ನಾನೇ ನೋಡ್ಕೊಳ್ತೀನಿ” ಎಂದಳು. “ನಿಮ್ಮ ಬೀದೀಲೇ ಒಳ್ಳೇ ಸ್ಕೂಲಿದ್ಯಲ್ಲ?” ಎಂದೆ. ಯಾಕೆ ಹಾಗೆ ಕೇಳಿದೆನೋ! ಅವಳು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದಳು: “ಅಲ್ಲಿ ಜಾಗ ಇರ್ಲಿಲ್ಲ. ನಮ್ಮ ಬಿಲ್ಡಿಂಗಲ್ಲಿ ಒಬ್ಬಳಿಗೆ ಸಿಕ್ತು. ಅವಳಿಗೆ ಅಮ್ಮ ಇಲ್ಲ, ಅದಕ್ಕೆ ಅವಳ ಮೇಲೆ ಹೊಟ್ಟೆಕಿಚ್ಚು ಪಡಬಾರ್ದು ಅಂದಿದ್ದಾರೆ ಅಪ್ಪ. ನಂಗೂ ಅಮ್ಮ ಇಲ್ಲ. ಆದ್ರೆ ನಂಗೆ ಅಪ್ಪ ಇದ್ದಾರಲ್ಲ, ಆಂಟೀ.”

ನನ್ನ ಕೈಯಿಂದ ನೀರು ಕುಡಿದು ಅವಳು ಇದನ್ನು ಹೇಳಿದಳು.

ಅಕ್ಕಾ, ನಾನು ಹೋಗಿ ಹೇಳಿಬಿಡುತ್ತೇನೆ. ನಿನಗೆ ತೊಂದರೆಯಾದೀತು, ಅದೊಂದೇ ನನ್ನನ್ನು ಹಿಡಿದಿದೆ.

ತಂಗಿ


ನವೆಂಬರ್ ೧೫

ತಂಗೀ,

ಹೇಳಬೇಡ. ಕೈಮುಗಿದು ಕೇಳುತ್ತೇನೆ, ಈಗ ಬೇಡ. ಪರೀಕ್ಷೆ ಮುಗಿಯಲಿ.

ನನಗೇನಾದರೂ ಆಗುತ್ತದೆಂದು ಹೇಳುತ್ತಿಲ್ಲ. ಚೂಟಿ ತರಗತಿಗೆ ಮೂರನೆಯವಳು. ಕಿಟಕಿಯ ಹತ್ತಿರ ಕೂತು ಓದುತ್ತಾಳೆ, ಓದುವಾಗ ಕಾಲು ಆಡಿಸುತ್ತಾಳೆ. ಪ್ರೆಸ್ಸಿನಿಂದ ನಾನು ತರುವ ಪ್ರೂಫಿನಲ್ಲಿ ಮೊನ್ನೆ ನನಗಿಂತ ಮೊದಲು ಒಂದು ತಪ್ಪು ಹಿಡಿದಳು. ಮೆಟ್ಟಿಲಲ್ಲಿ ಹೆಜ್ಜೆ ಕೇಳಿದರೆ ಒಳಗಿನಿಂದಲೇ “ದೊಡ್ಡಮ್ಮಾ, ಬೀಗ ತೆಗೆದಿದೆ” ಎಂದು ಕೂಗುತ್ತಾಳೆ. ಈ ಮನೆಯಲ್ಲಿ ನನ್ನನ್ನು ಯಾರೂ ಹಾಗೆ ಕಾಯ್ದದ್ದು ನನಗೆ ನೆನಪಿಲ್ಲ.

ಗಡಿಯಾರದವರ ಮಾತನ್ನು ನಾನೂ ಮುಚ್ಚಿಟ್ಟಿದ್ದೆ. ಚೂಟಿಗೆ ಸೀಟು ಸಿಕ್ಕ ಸುದ್ದಿ ಆಗಸ್ಟಿನಲ್ಲೇ ತಪಾಸಣೆಯವರ ಬಾಯಿಂದ ಅವರಿಗೆ ತಿಳಿಯಿತು. ಮೇಲೆ ಬಂದು, “ನನ್ನ ಮಗಳಿಗೆ ಸಿಗದಿದ್ರೂ ತಾಯಿ ಇಲ್ಲದ ಮಗುಗೆ ಸಿಕ್ತಲ್ಲ, ಬಿಡಿ” ಎಂದು ಹೇಳಿ, ಚೂಟಿಗೆ ಒಂದು ಪುಟ್ಟ ಕೈಗಡಿಯಾರ ಕೊಟ್ಟರು. ಹಳೆಯ ಬಿಡಿಭಾಗ ಸೇರಿಸಿ ಅವರೇ ಮಾಡಿದ್ದು. ಅದನ್ನು ಅವಳು ಕಟ್ಟಿಕೊಳ್ಳುವುದಿಲ್ಲ. ಪುಸ್ತಕದ ಹಿಂದೆ ಇಟ್ಟಿದ್ದಾಳೆ. ಯಾಕೆ ಎಂದು ನಾನು ಕೇಳಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳದೆ ಉತ್ತರ ಕೊಡು. ನೀನು ಆ ಹುಡುಗಿಗಾಗಿ ಹೇಳಹೊರಟಿದ್ದೀಯಾ? ಅಥವಾ ನಿನ್ನ ಮಗಳನ್ನು ವಾಪಸು ಪಡೆಯುವುದಕ್ಕಾ?

ಅಕ್ಕ


ಡಿಸೆಂಬರ್ ೩

ಅಕ್ಕಾ,

ನಿನ್ನ ಪ್ರಶ್ನೆಯನ್ನು ಹದಿನೈದು ದಿನ ಹೊತ್ತು ತಿರುಗಿದೆ. ಎರಡನ್ನೂ ಬಿಡಿಸಿ ನೋಡಲು ನನ್ನಿಂದ ಆಗುವುದಿಲ್ಲ. ಒಳ್ಳೆಯದೊಂದನ್ನು ಮಾಡುವಾಗ ಅದರಲ್ಲಿ ನನ್ನ ಸ್ವಾರ್ಥವೂ ಇದ್ದರೆ ಅದನ್ನು ಮಾಡದೆ ಬಿಡಬೇಕೇ? ಓದಿದವಳು ನೀನು, ನೀನೇ ಹೇಳು.

ಇವತ್ತು ಹೋಗಿ ಹೇಳಿದೆ. ಮುಖ್ಯೋಪಾಧ್ಯಾಯಿನಿ ಕಡತ ತರಿಸಿ, ಹಾಳೆ ತಿರುವಿ, ನನ್ನನ್ನು ನೋಡಿದರು. “ಇದರಲ್ಲಿ ತಾಯಿ ಇಲ್ಲ ಅಂತಿದೆ.”

“ಇದ್ದೀನಿ ಮೇಡಂ. ನಾನೇ.”

“ನೀವೇ ಅನ್ನೋದಕ್ಕೆ ದಾಖಲೆ?”

ಜೀವ ಇದೆ ಎನ್ನುವುದಕ್ಕೆ ದಾಖಲೆ ಕೇಳಿದರೆ ಏನು ತೋರಿಸುವುದು? ಆಸ್ಪತ್ರೆಯ ಗುರುತಿನ ಚೀಟಿ ಕೊಟ್ಟೆ. ಅದರಲ್ಲಿ ನನ್ನ ಫೋಟೋ ಉಗಿಗೆ ಮಾಸಿಹೋಗಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. “ನಿಮ್ಮ ಮಗಳು ಇಲ್ಲಿ ಓದಬೇಕಾದ ಹುಡುಗೀನೇ. ಆದ್ರೆ ನೀವು ಹೇಳಿದ ಮೇಲೆ ನಾನು ಕೇಳಿಲ್ಲ ಅನ್ನೋ ಹಾಗಿಲ್ಲ. ಅರ್ಜಿ ಸುಳ್ಳಾಗಿದ್ರೆ ಸೀಟು ರದ್ದೇ” ಎಂದರು. ಅವರ ಕಣ್ಣಲ್ಲಿ, ಯಾಕಮ್ಮ ಹೇಳಿದೆ ಎನ್ನುವ ಹಾಗಿತ್ತು.

“ಗಡಿಯಾರದವರ ಮಗಳಿಗೆ ಈ ಸೀಟು ಕೊಡ್ತೀರಲ್ಲ?” ಎಂದು ಕೇಳಿದೆ. ಇಲ್ಲವಂತೆ. ಕಾಯುವವರ ಪಟ್ಟಿ ಸೆಪ್ಟೆಂಬರಿಗೇ ರದ್ದಾಯಿತಂತೆ. ವರ್ಷದ ನಡುವೆ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಆ ಸೀಟು ಖಾಲಿಯೇ ಇರುತ್ತದೆ.

ಹೊರಗೆ ಬಂದು ಗೇಟಿನ ಹತ್ತಿರ ಕೂತುಬಿಟ್ಟೆ. ಯಾರಿಗೂ ಏನೂ ಸಿಗಲಿಲ್ಲ, ಅಕ್ಕಾ. ಚೂಟಿಯಿಂದ ಕಿತ್ತುಕೊಂಡೆ ಅಷ್ಟೇ.

ಅವಳ ಬಟ್ಟೆ ಕಟ್ಟಿಡು. ಶನಿವಾರ ಬರುತ್ತೇನೆ.

ತಂಗಿ


ಜನವರಿ ೮

ತಂಗೀ,

ಆ ಶನಿವಾರ ನಾನು ಬಾಗಿಲಿಗೂ ಬರಲಿಲ್ಲವೆಂದು ನಿನಗೆ ನೋವಾಗಿರುತ್ತದೆ. ಬಂದಿದ್ದರೆ ಅವಳ ಚೀಲ ಹಿಡಿದು ಎಳೆದುಕೊಳ್ಳುತ್ತಿದ್ದೆ. ಅದಕ್ಕೇ ಅಡುಗೆಮನೆಯಲ್ಲಿದ್ದೆ.

ಸುಳ್ಳು ಪ್ರಮಾಣಕ್ಕಾಗಿ ನನಗೆ ಎಚ್ಚರಿಕೆಯ ಕಾಗದ ಬಂದಿದೆ. ಒಂದು ಪ್ರತಿ ಪ್ರೆಸ್ಸಿಗೂ ಹೋಗಿತ್ತು. ಯಜಮಾನರು ಓದಿ, ನನ್ನ ಮೇಜಿನ ಮೇಲಿಟ್ಟು ಹೋದರು. ಈಗ ನಾನು ನೋಡಿದ ಪ್ರೂಫನ್ನು ಇನ್ನೊಬ್ಬರು ಮತ್ತೊಮ್ಮೆ ನೋಡುತ್ತಾರೆ.

ಗಡಿಯಾರದವರಿಗೆ ನಾನೇ ಹೋಗಿ ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಅರ್ಜಿ ಬರೆದ ದಿನವೂ ಸೇರಿ. ಅವರು ಕಣ್ಣಿನ ಭೂತಗನ್ನಡಿ ತೆಗೆಯಲಿಲ್ಲ, ಕೈಯಲ್ಲಿದ್ದ ಗಡಿಯಾರವನ್ನೇ ನೋಡುತ್ತಿದ್ದರು. ಚೂಟಿ ಬಿಟ್ಟುಹೋದ ಕೈಗಡಿಯಾರವನ್ನು ಮೇಜಿನ ಮೇಲಿಟ್ಟೆ. ಅದನ್ನು ನನ್ನ ಕಡೆಗೇ ತಳ್ಳಿದರು.

“ಅದು ಮಗುಗೆ ಕೊಟ್ಟಿದ್ದು. ಮಗು ಸುಳ್ಳು ಹೇಳಿಲ್ಲ. ಹೇಳಿಸಿದ್ದು ನೀವು,” ಎಂದರು. ಕೈಯಲ್ಲಿದ್ದ ಗಡಿಯಾರದ ಮುಚ್ಚಳ ಹಾಕಿ, “ನೀವು ಆ ಅರ್ಜಿ ಬರೀತಾ ಇದ್ದಾಗ ನಾನು ನಿಮ್ಮನ್ನ ದೇವರು ಅಂದ್ಕೊಂಡಿದ್ದೆ, ಅಕ್ಕಾ,” ಎಂದರು.

ಇನ್ನೂ ಅಕ್ಕಾ ಎಂದೇ ಕರೆದರು. ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು.

ಗಡಿಯಾರವನ್ನು ಇದರೊಡನೆ ಕಳಿಸಿದ್ದೇನೆ. ಅಮ್ಮ ಹೋದ ದಿನ ನಾನು ನಿನಗೆ, “ಬೇಕಾದಾಗ ಬರದವಳು ಈಗ ಯಾಕೆ ಬಂದೆ” ಎಂದಿದ್ದೆ. ನೀನು ಆಗ ಪಾಳಿಯ ಮೇಲಿದ್ದೆ, ಸುದ್ದಿ ತಲುಪಿದ್ದೇ ತಡವಾಗಿ ಎಂದು ಆಮೇಲೆ ತಿಳಿಯಿತು. ತಿಳಿದೂ ಎರಡು ವರ್ಷ ಸುಮ್ಮನಿದ್ದೆ. ಅಷ್ಟು ಮಾತ್ರ ಹೇಳಬೇಕಿತ್ತು.

ಅವಳು ಹೇಗಿದ್ದಾಳೆ?

ಅಕ್ಕ


ಫೆಬ್ರವರಿ ೨೬

ಅಕ್ಕಾ,

ಹೇಗಿದ್ದಾಳೆಂದು ಬರೆಯಲು ನನಗೂ ಗೊತ್ತಾಗಬೇಕಲ್ಲ, ಅದಕ್ಕೇ ತಡವಾಯಿತು.

ಮೊದಲ ಹತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ, ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಹನ್ನೊಂದನೇ ದಿನ ತಲೆ ಬಾಚುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದಳು: “ನೀನ್ಯಾಕೆ ಹೋಗಿ ಹೇಳ್ದೆ? ನಾನು ಎಲ್ಲ ಸರಿಯಾಗೇ ಹೇಳ್ತಿದ್ನಲ್ಲ. ಒಂದು ಸಲಾನೂ ತಪ್ಪಿರ್ಲಿಲ್ಲ.”

“ನೀನು ತಪ್ಪು ಮಾಡ್ಲಿಲ್ಲ, ಕಂದ. ನಾನು ಮಾಡ್ದೆ” ಎಂದೆ.

“ಹಾಗಾದ್ರೆ ನಿನ್ನನ್ನ ತಾನೇ ಸ್ಕೂಲಿಂದ ತೆಗೀಬೇಕಿತ್ತು?”

ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸಿದೆ. ಆಮೇಲೆ ಅವಳು ತಲೆಯನ್ನು ಹಿಂದಕ್ಕೆ ನನ್ನ ಹೊಟ್ಟೆಗೆ ಒರಗಿಸಿ, ಹೊರಗೆ ಕೇಳದ ಹಾಗೆ, “ನೀನು ಸತ್ತೋಗಿದೀಯ ಅಂತ ಹೇಳಿದ ಮೇಲೆ ನಂಗೆ ದಿನಾ ಭಯ ಆಗ್ತಿತ್ತು. ನಿಜ ಆಗ್ಬಿಟ್ರೆ ಅಂತ” ಎಂದಳು. ನಾನು ಅವಳ ಜಡೆ ಹಾಕಿ ಮುಗಿಸಿದೆ. ಆ ದಿನ ಇಬ್ಬರೂ ಕೆಲಸಕ್ಕೂ ಶಾಲೆಗೂ ಹೋಗಲಿಲ್ಲ.

ಹಳೆಯ ಶಾಲೆಗೇ ಮರಳಿದ್ದಾಳೆ, ಈಗ ಅವಳ ತರಗತಿಯಲ್ಲಿ ಅರವತ್ತನಾಲ್ಕು ಮಕ್ಕಳು. ಗಡಿಯಾರದವರ ಮಗಳೂ ಅದೇ ಕೋಣೆಯಲ್ಲಿ, ಎರಡು ಸಾಲು ಮುಂದೆ. ಅವಳಿಗೆ ಎಲ್ಲ ತಿಳಿದಿದೆ. ಕಟ್ಟೆಗೆ ಬರುವುದನ್ನು ನಿಲ್ಲಿಸಿದಳು; ಬಸ್‌ಸ್ಟಾಪಿನಲ್ಲೇ ನಿಂತಿರುತ್ತಿದ್ದಳು. ನಾನು ನೀರು ತೆಗೆದುಕೊಂಡು ಹೋದರೆ “ಬೇಡ ಆಂಟೀ, ಕುಡಿದಿದೀನಿ” ಎನ್ನುತ್ತಿದ್ದಳು. ಚೂಟಿಯೂ ಅವಳ ಮುಂದೆ ಹೋಗುತ್ತಿರಲಿಲ್ಲ. ಒಂದೇ ರಸ್ತೆಯಲ್ಲಿ ಒಬ್ಬಳು ಆ ಅಂಚಿಗೆ, ಒಬ್ಬಳು ಈ ಅಂಚಿಗೆ ನಡೆಯುತ್ತಿದ್ದರು.

ಹೋದ ವಾರ ನಾನು ಪಾಳಿ ಮುಗಿಸಿ ಬರುವಾಗ ಆ ಹುಡುಗಿ ಮತ್ತೆ ಕಟ್ಟೆಯ ಮೇಲಿದ್ದಳು. ಚೂಟಿ ಬಾಗಿಲಲ್ಲಿ ನಿಂತಿದ್ದಳು. ನಾನು ಬರುತ್ತಿರುವುದನ್ನು ನೋಡಿದ ಮೇಲೆ ಆ ಹುಡುಗಿ, ಚೂಟಿಯನ್ನು ನೋಡದೆ, ರಸ್ತೆಯನ್ನು ನೋಡುತ್ತಾ ಕೇಳಿದಳು:

“ಅಲ್ಲಿ ಲೆಕ್ಕದ ಟೀಚರ್ ಇದ್ರಾ?”

“ಇದ್ರು.”

“ಏನೇನು ಹೇಳ್ಕೊಟ್ರು?”

ಚೂಟಿ ಒಳಗೆ ಹೋಗಿ ಆ ಶಾಲೆಯ ಲೆಕ್ಕದ ನೋಟ್‌ಬುಕ್ ತಂದಳು. ಬಂದ ದಿನದಿಂದ ಅದನ್ನು ಬಟ್ಟೆಯ ಕೆಳಗೆ ಇಟ್ಟಿದ್ದಳು, ನಾನು ಮುಟ್ಟುವ ಹಾಗಿರಲಿಲ್ಲ. ಕಟ್ಟೆಯ ಮೇಲೆ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು. ಪುಸ್ತಕವನ್ನು ಆ ಜಾಗದಲ್ಲಿ ಬಿಡಿಸಿಟ್ಟಳು.

ಅಂದಿನಿಂದ ದಿನವೂ ಕೂರುತ್ತಾರೆ. ಸ್ನೇಹ ಎಂದು ಹೇಳಲಾರೆ. ಲೆಕ್ಕ ಬಿಟ್ಟು ಬೇರೆ ಮಾತಿಲ್ಲ. ಚೂಟಿ ಹೇಳಿಕೊಡುತ್ತಾಳೆ, ಆ ಹುಡುಗಿ ತಲೆಯಾಡಿಸಿ ಬರೆದುಕೊಳ್ಳುತ್ತಾಳೆ. ಅವಳೇ ಬೇಗ ಹಿಡಿಯುತ್ತಾಳೆ. ಚೂಟಿ ತಪ್ಪಿದರೆ ಬೆರಳಿಟ್ಟು ತೋರಿಸುತ್ತಾಳೆ. ಬಸ್ಸು ಬಂದರೆ ಹೇಳದೆ ಎದ್ದು ಹೋಗುತ್ತಾಳೆ.

ನಿನ್ನೆ ನಾನು ಟೀ ಹಿಡಿದು ಹೊರಗೆ ಬಂದಾಗ ಇಬ್ಬರೂ ಸುಮ್ಮನೆ ಪುಸ್ತಕ ನೋಡುತ್ತಾ ಕೂತಿದ್ದರು. ಏನೆಂದು ಬಗ್ಗಿ ನೋಡಿದೆ. ಭಿನ್ನರಾಶಿಯ ಪಾಠ. ಮೇಲುಗಡೆ ಡಿಸೆಂಬರ್ ಮೂರು ಎಂದು ತಾರೀಖಿದೆ, ನಾನು ಹೋಗಿ ಹೇಳಿದ ದಿನ, ಚೂಟಿಯ ಅಕ್ಷರದಲ್ಲಿ. ಕೆಳಗೆ ಎರಡೂವರೆ ಸಾಲು. ಅಷ್ಟರಲ್ಲಿ ಅವಳನ್ನು ಆಫೀಸಿಗೆ ಕರೆದಿದ್ದರಂತೆ.

“ಆಮೇಲೆ?” ಎಂದಳು ಆ ಹುಡುಗಿ. 

“ಆಮೇಲಿಂದು ನಂಗೂ ಗೊತ್ತಿಲ್ಲ,” ಎಂದಳು ಚೂಟಿ.

ಆ ಹುಡುಗಿ ಮುಂದಿನ ಹಾಳೆ ತಿರುವಿದಳು. ಅದರ ಮುಂದಿನದನ್ನೂ ತಿರುವಿದಳು. ಎಲ್ಲ ಖಾಲಿ.

ನಿನ್ನ ತಂಗಿ